ಕೊಡದ ಬಣ್ಣ, ನಲ್ಲಿಯ ನೀರು

ಬೀದಿ ನಲ್ಲಿಯ ಮುಂದೆ ಸಾಲಾಗಿಟ್ಟ ಪ್ಲಾಸ್ಟಿಕ್ ಕೊಡಗಳನ್ನು ಕಾಣದ ಹೆಂಗಸರು ನಮ್ಮಲ್ಲಿ ಕಡಿಮೆ. ಒಂದು ಹಸಿರು, ಒಂದು ಕೆಂಪು, ಇನ್ನೊಂದು ನೀಲಿ. ಕೊಡದ ಬಣ್ಣ ಯಾವುದಾದರೇನು, ತುಂಬುವುದು ಒಂದೇ ನಲ್ಲಿಯ ನೀರು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ದುಡ್ಡಿನ ವಿಷಯಕ್ಕೆ ಬಂದಾಗ ಮಾತ್ರ ಈ ಸಣ್ಣ ತಿಳಿವಳಿಕೆ ನಮ್ಮ ಕೈಬಿಟ್ಟಿದೆ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಿಂದ ಹೊರಟು ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರದವರೆಗೆ ಒಮ್ಮೆ ಕಣ್ಣಾಡಿಸಿ. ನಿಂಬೆಹಣ್ಣಿನ ಗಾಡಿಯಿಂದ ಹಿಡಿದು ರೇಷ್ಮೆ ಸೀರೆಯ ಅಂಗಡಿಯವರೆಗೆ ನೇರಳೆ, ನೀಲಿ, ಬಿಳಿ ಚೀಟಿಗಳ ಜಾತ್ರೆ. 'ಫೋನ್‌ಪೇ ಮಾಡಿ', 'ಗೂಗಲ್ ಪೇ ಮಾಡ್ಲಾ?', 'ಪೇಟಿಎಂ ಇದೆಯಾ?' ಎಂಬವೇ ಮಾತು. ಕಂಪನಿಯ ಹೆಸರು ನಮ್ಮ ಬಾಯಲ್ಲಿ ಕ್ರಿಯಾಪದವಾಗಿಬಿಟ್ಟಿದೆ.

ಇಷ್ಟಕ್ಕೂ ನಲ್ಲಿ ಯಾರದು? ರಿಸರ್ವ್ ಬ್ಯಾಂಕ್ ಮತ್ತು ಭಾರತೀಯ ಬ್ಯಾಂಕುಗಳ ಸಂಘ ಸೇರಿ 2008ರಲ್ಲಿ ರಾಷ್ಟ್ರೀಯ ಪಾವತಿ ನಿಗಮವನ್ನು ಹುಟ್ಟುಹಾಕಿದವು. ಆ ನಿಗಮ 2016ರಲ್ಲಿ ತಂದ ವ್ಯವಸ್ಥೆಯೇ ಯುಪಿಐ. ಹಣ ಹೋಗುವುದು ನಮ್ಮ ಬ್ಯಾಂಕಿನ ಖಾತೆಯಿಂದ ಇನ್ನೊಬ್ಬರ ಬ್ಯಾಂಕಿನ ಖಾತೆಗೆ. ನಡುವಿನ ಆಪ್ ಬರೀ ಕೊಡ. ಎಲ್ಲ ಆಪ್‌ಗಳೂ ಓದಬಲ್ಲ ಒಂದೇ ಬಗೆಯ ಕೋಡ್ ಇರಲಿ, ಕಂಪನಿಗೊಂದರಂತೆ ಹೊಸ ಕೋಡ್ ಬೇಡ ಎಂದು ರಿಸರ್ವ್ ಬ್ಯಾಂಕ್ 2020ರ ಅಕ್ಟೋಬರಿನಲ್ಲೇ ಹೇಳಿತು. ಒಂದು ಚೌಕ ಸಾಲುವ ಕಡೆ ನಾಲ್ಕು ಚೀಟಿ ಅಂಟಿಸಿಕೊಂಡ ಅಂಗಡಿ, ಬಾಡಿಗೆಯಿಲ್ಲದ ಜಾಹೀರಾತು ಗೋಡೆಯಲ್ಲದೆ ಮತ್ತೇನು?

ಈ ಹೆಸರುಗಳ ಮೋಹ ಎಷ್ಟೆಂದರೆ, ಫೋನ್‌ಪೇ ಮತ್ತು ಭಾರತ್‌ಪೇ ಕಂಪನಿಗಳು 'ಪೇ' ಎಂಬ ಒಂದೇ ಅಕ್ಷರಕ್ಕಾಗಿ ಐದು ವರ್ಷ ಕೋರ್ಟು ಕಚೇರಿ ಅಲೆದವು. ಪಕಾರಕ್ಕೆ ಏತ್ವ, ಮೇಲೊಂದು ದೀರ್ಘ. ಒಂದನೇ ತರಗತಿಯ ಮಗು ಸ್ಲೇಟಿನ ಮೇಲೆ ಬರೆದು ಒರೆಸುವ ಅಕ್ಷರ! ಅದರ ಮೇಲೆ ಒಬ್ಬರದೇ ಹಕ್ಕು ಸಲ್ಲದೆಂದು 2021ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟು ತಡೆಯಾಜ್ಞೆ ಕೊಡಲಿಲ್ಲ. ಕೊನೆಗೆ 2024ರ ಮೇ ತಿಂಗಳಲ್ಲಿ ಇಬ್ಬರೂ ರಾಜಿಯಾದರು. ಇನ್ನು ಗೂಗಲ್ ಕಂಪನಿ 2017ರಲ್ಲಿ 'ತೇಜ್' ಎಂಬ ಹೆಸರಿನಲ್ಲಿ ಬಂದು ಮರುವರ್ಷವೇ 'ಗೂಗಲ್ ಪೇ' ಆಯಿತು. 2019ರ ದೀಪಾವಳಿಗೆ ಅದು ಐದು ಚಿತ್ರ ಕೂಡಿಸಿದವರಿಗೆ 251 ರೂಪಾಯಿ ಎಂದಾಗ, ಸಿಗದ ರಂಗೋಲಿ ಚಿತ್ರಕ್ಕಾಗಿ ಊರೆಲ್ಲ ಹುಡುಕಾಡಿತು. ದಿನಾ ಹೊಸಿಲ ಮುಂದೆ ಪುಕ್ಕಟೆಯಾಗಿ ರಂಗೋಲಿ ಇಡುವ ನಮಗೇ ರಂಗೋಲಿಯ ಆಸೆ ತೋರಿಸಿದರಲ್ಲ, ಜಾಣರೇ ಸರಿ!

ಸ್ಪರ್ಧೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಚಿಲ್ಲರೆಯ ಬದಲು ಚಾಕೊಲೇಟು ಕೈಗಿಡುವ ಕಾಟ ತಪ್ಪಿತು. ದೂರದ ಊರಿನ ಮಗಳಿಗೆ ಕ್ಷಣದಲ್ಲಿ ದುಡ್ಡು ತಲುಪುತ್ತದೆ. ಅದನ್ನು ಅಲ್ಲಗಳೆದರೆ ಸುಳ್ಳಾಗುತ್ತದೆ. ಆದರೆ 2020ರ ಜನವರಿಯಲ್ಲಿ ಸರ್ಕಾರ ಯುಪಿಐ ಮೇಲಿನ ಅಂಗಡಿ ಶುಲ್ಕವನ್ನು ತೆಗೆದುಹಾಕಿತು. ಶುಲ್ಕವೇ ಇಲ್ಲದ ಕೆಲಸಕ್ಕೆ ಇಷ್ಟೊಂದು ಜಾಹೀರಾತೇಕೆ? ಅದೇ ಪರದೆಯಲ್ಲಿ ಸಾಲ, ವಿಮೆ, ಚಿನ್ನ ಮಾರಬಹುದಲ್ಲ, ಅದಕ್ಕೆ. ಅವರು ಪೈಪೋಟಿ ನಡೆಸುತ್ತಿರುವುದು ನಮ್ಮ ಸೇವೆಗಲ್ಲ, ನಮ್ಮ ಮನೆಯೊಳಕ್ಕೆ ಕಾಲಿಡುವುದಕ್ಕೆ.

ಅದೂ ಎಂಥ ಪೈಪೋಟಿ? ನೂರು ಪಾವತಿಗಳಲ್ಲಿ ಸುಮಾರು ಎಂಬತ್ತು ಎರಡೇ ಆಪ್‌ಗಳ ಪಾಲು. ಯಾರೊಬ್ಬರಿಗೂ ನೂರಕ್ಕೆ ಮೂವತ್ತಕ್ಕಿಂತ ಹೆಚ್ಚು ಬೇಡವೆಂದು ಪಾವತಿ ನಿಗಮ 2020ರಲ್ಲಿ ನಿಯಮ ಮಾಡಿತು. ಅದರ ಗಡುವನ್ನು ಮೊದಲು 2024ರ ಕೊನೆಗೆ, ಮತ್ತೆ 2026ರ ಕೊನೆಗೆ ಮುಂದೂಡಿತು. ಎರಡು ಸಲ ಪರೀಕ್ಷೆ ಮುಂದೆ ಹೋದರೆ ಮಕ್ಕಳು ಓದುವುದನ್ನೇ ಬಿಡುತ್ತಾರೆಂದು ಯಾವ ಮೇಷ್ಟ್ರನ್ನು ಕೇಳಿದರೂ ಹೇಳುತ್ತಾರೆ.

ನನ್ನ ನಿಜವಾದ ತಕರಾರು ಬೇರೆ ಇದೆ, ಗೆಳತಿಯರೇ. ಹಣ ಬಂದದ್ದನ್ನು ಕೂಗಿ ಹೇಳುವ ಪೆಟ್ಟಿಗೆಗೆ ಕಂಪನಿಗಳು ತಾರೆಯರ ಧ್ವನಿ ತಂದವು. ಫೋನ್‌ಪೇ ಪೆಟ್ಟಿಗೆಗೆ ಕಿಚ್ಚ ಸುದೀಪರ ಧ್ವನಿ ಬಂತು. ಕನ್ನಡ ಕೇಳಿ ಸಂತೋಷವೇ ಆಗುತ್ತದೆ. ಆದರೆ ಹೂವಿನ ಬುಟ್ಟಿಗೆ ಕಟ್ಟಿದ ಆ ಚೌಕ ಯಾರ ಖಾತೆಗೆ ಹೋಗುತ್ತದೆ? ಹಲಸೂರಿನಲ್ಲಿ ಹೂ ಮಾರುವಾಕೆಯೊಬ್ಬರನ್ನು ಕೇಳಿದೆ. 'ಮಗಂದು ಕಣಮ್ಮ, ನಂಗೆ ಫೋನೆಲ್ಲಿ ಬರ್ತೈತೆ' ಎಂದರು. ಮೊಳ ಹಾಕಿ ದಣಿಯುವ ಕೈ ಅವರದು, ದುಡ್ಡು ಸೇರುವ ಜಾಗ ಇನ್ನೊಬ್ಬರದು. ಮೊದಲು ಸೆರಗಿನ ತುದಿಯ ಗಂಟಾದರೂ ಹೆಂಗಸಿನ ಸ್ವಂತದ್ದಾಗಿತ್ತು. ಈಗ ಪೆಟ್ಟಿಗೆ ಬೀದಿಗೆಲ್ಲ ಕೇಳುವಂತೆ ಅವಳ ಸಂಪಾದನೆ ಸಾರುತ್ತದೆ, ಸಂಜೆ ಅವಳೇ ಕೈಖರ್ಚಿಗೆ ಕೈಯೊಡ್ಡಬೇಕು. ನಾಲ್ಕು ಕಂಪನಿಯವರು ಬಂದು ಚೀಟಿ ಅಂಟಿಸಿ ಹೋದರೂ 'ಅಮ್ಮಾ, ಖಾತೆ ನಿಮ್ಮ ಹೆಸರಲ್ಲಿದೆಯೇ?' ಎಂದು ಒಬ್ಬರೂ ಕೇಳಲಿಲ್ಲವೆಂದರೆ ಆ ಸ್ಪರ್ಧೆಗೆ ನಾನು ನೂರಕ್ಕೆ ಸೊನ್ನೆ ಕೊಡುತ್ತೇನೆ.

ನಾವು ಮಾಡಬೇಕಾದ್ದು ದೊಡ್ಡದೇನಲ್ಲ. ಮೊದಲು ಮಾತು ತಿದ್ದಿಕೊಳ್ಳೋಣ. 'ಯುಪಿಐ ಮಾಡುತ್ತೇನೆ' ಎನ್ನೋಣ, ಕಂಪನಿಯ ಹೆಸರನ್ನು ಪುಕ್ಕಟೆ ಸಾರುವ ಡಂಗುರ ನಮಗೇಕೆ? ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲವೆಂದು ಮನೆಕೆಲಸದಾಕೆಗೂ ಅತ್ತೆಗೂ ಹೇಳಿಕೊಡೋಣ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕೆಂದು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡೋಣ. ಪಕ್ಕದಲ್ಲೇ ತರಕಾರಿ ಮಾರುವವಳನ್ನು ಒಂದು ಬಿಡುವಿನ ಮಧ್ಯಾಹ್ನ ಬ್ಯಾಂಕಿಗೆ ಕರೆದೊಯ್ದು, ಅವಳ ಹೆಸರಿನಲ್ಲಿ ಖಾತೆ ತೆರೆಸಿ, ಅವಳದೇ ಕೋಡ್ ಕೈಗೆ ಕೊಡಿಸೋಣ. ಚೀಟಿಯ ಬಣ್ಣ ನೇರಳೆಯೋ ನೀಲಿಯೋ ಅವರವರೇ ಬಡಿದಾಡಿಕೊಳ್ಳಲಿ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ದುಡಿದವಳ ಹೆಸರಿರಲಿ.