ನಮ್ಮ ಊರಿನ ಹೆಸರು ‘ಡೌನ್‌ಲೋಡ್’ ಅಲ್ಲ!

ಕನ್ನಡದ ಯುವ ಮಿತ್ರರೇ,

ಅಂಗಡಿಯ ಬೋರ್ಡು ಕನ್ನಡದಲ್ಲಿಲ್ಲ ಎಂದರೆ ನೀವು ಬೀದಿಗಿಳಿಯುತ್ತೀರಿ. ಒಳ್ಳೆಯದೇ. ಆದರೆ ನಿಮ್ಮ ಮೊಬೈಲಿಗೆ, ಕಂಪ್ಯೂಟರಿಗೆ ದಿನವೂ ಇಳಿದು ಬರುವ ಫೈಲುಗಳ ನೆತ್ತಿಯ ಮೇಲೂ ಒಂದು ಬೋರ್ಡಿದೆ. ಅದನ್ನು ಎಂದಾದರೂ ಓದಿದ್ದೀರಾ?

ರಾಮನಗರದಲ್ಲಿ ಪ್ರೆಸ್ ನಡೆಸುವ ನನಗೆ ಅದನ್ನು ಓದದೆ ಗತ್ಯಂತರವಿಲ್ಲ. ಗಿರಾಕಿ ಪೆನ್‌ಡ್ರೈವ್ ತರುತ್ತಾರೆ. ಒಳಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನಾಲ್ಕು ಪಟ್ಟಿ. ಹೆಸರು ಮಾತ್ರ ‘ಡೌನ್‌ಲೋಡ್’, ‘ಡೌನ್‌ಲೋಡ್ 1’, ‘ಡೌನ್‌ಲೋಡ್ 2’, ‘ಡೌನ್‌ಲೋಡ್ 3’! ಇದರಲ್ಲಿ ಮಾಗಡಿ ಯಾವುದು? ಅವಸರದಲ್ಲಿ ಒಂದು ಅದಲುಬದಲಾದರೆ ಸಾವಿರ ಪ್ರತಿ ರದ್ದಿಗೆ. ಆ ಕಾಗದದ ದುಡ್ಡು ಯಾರು ಕೊಡುತ್ತಾರೆ?

ಕೇಳಿದರೆ ಸಿದ್ಧ ಉತ್ತರ: “ಕಂಪ್ಯೂಟರಿಗೆ ಕನ್ನಡ ಬರೋದಿಲ್ಲ ಸಾರ್.” ಇದು ಹಸಿ ಸುಳ್ಳು! ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ.

ನಿಜ ಸಂಗತಿ ಇಷ್ಟು. ಫೈಲು ಕಳಿಸುವ ಮುನ್ನ ಸರ್ವರ್ ಬ್ರೌಸರಿಗೆ ಒಂದು ಸಾಲು ಹೇಳುತ್ತದೆ. ಅದರ ಹೆಸರು ಕಂಟೆಂಟ್-ಡಿಸ್ಪೊಸಿಷನ್. ಫೈಲನ್ನು ಯಾವ ಹೆಸರಿನಲ್ಲಿ ಉಳಿಸಬೇಕೆಂದು ಅಲ್ಲಿ ಹೇಳಬಹುದು. ಸ್ಕ್ರಿಪ್ಟ್ ಬರೆದವರು ಹೇಳದೆ ಬಿಟ್ಟರೆ ಬ್ರೌಸರು ವಿಳಾಸದ ಕೊನೆಯ ತುಂಡನ್ನೇ ಹೆಸರೆಂದು ಅಂಟಿಸುತ್ತದೆ. ತಪ್ಪು ಯಂತ್ರದ್ದಲ್ಲ, ಬರೆದವರದು.

ಇನ್ನು ಕೆಲವರು ಕನ್ನಡವನ್ನು ಆ ಸಾಲಿಗೆ ನೇರವಾಗಿ ತುರುಕುತ್ತಾರೆ. ‘ಮಾಗಡಿ’ ಎಂಬುದು ಯುಟಿಎಫ್-8ರಲ್ಲಿ 15 ಬೈಟ್. ಆ ಸಾಲಿನ ಹಳೆಯ ನಿಯಮ ಪಶ್ಚಿಮ ಯೂರೋಪಿನ ಲಿಪಿಯದು. ಹಾಗಾಗಿ ಎಷ್ಟೋ ಕಡೆ ಬೈಟಿಗೊಂದು ವಿದೇಶಿ ಅಕ್ಷರವಾಗಿ ಮಾಗಡಿ ಚಿಂದಿಯಾಗುತ್ತದೆ.

ಇದಕ್ಕೆ ಮದ್ದು 2011ರ ಆರ್‌ಎಫ್‌ಸಿ 6266ರಲ್ಲೇ ಇದೆ. ಒಂದೇ ಸಾಲಿನಲ್ಲಿ ಎರಡು ಹೆಸರು ಕೊಡಿ. ಮೊದಲು ಫೈಲ್‌ನೇಮ್ ಎಂದು ಇಂಗ್ಲಿಷ್ ಹೆಸರು. ಆಮೇಲೆ ನಕ್ಷತ್ರ ಚಿಹ್ನೆ ಹಚ್ಚಿದ ಇನ್ನೊಂದು ಫೈಲ್‌ನೇಮ್: ಅಲ್ಲಿ ಯುಟಿಎಫ್-8 ಎಂದು ಬರೆದು, ಎರಡು ಒಂಟಿ ಉದ್ಧರಣ ಚಿಹ್ನೆ ಹಾಕಿ, ಕನ್ನಡ ಹೆಸರನ್ನು ಶೇಕಡಾ ಚಿಹ್ನೆಯ ಸಂಕೇತಗಳಲ್ಲಿ ಕೊಡಿ. ಪಿಎಚ್‌ಪಿಯಲ್ಲಿ ಈ ಸಂಕೇತ ಮಾಡಿಕೊಡಲು ‘ರಾ-ಯುಆರ್‌ಎಲ್-ಎನ್‌ಕೋಡ್’ ಎಂಬ ಫಂಕ್ಷನ್ ಸಿದ್ಧವಾಗಿಯೇ ಇದೆ. ಕೊನೆಯಲ್ಲಿ ಬರುವ ಪಿಡಿಎಫ್ ಎಂಬ ಬಾಲ ಮಾತ್ರ ಇಂಗ್ಲಿಷಿನಲ್ಲೇ ಇರಲಿ. ನಕ್ಷತ್ರ ಬಲ್ಲ ಬ್ರೌಸರು ಕನ್ನಡ ಹಿಡಿಯುತ್ತದೆ, ಅರಿಯದ ಹಳೆಯದು ಇಂಗ್ಲಿಷ್ ಹಿಡಿಯುತ್ತದೆ. ಯಾರಿಗೆ ನಷ್ಟ?

2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಬಂತು. ಆ ಹೆಸರಿಗಾಗಿ ಎಷ್ಟು ವಾದ, ಎಷ್ಟು ಕೂಗು! ಫೈಲಿನ ಹೆಸರಿಗಾಗಿ ಒಬ್ಬರಾದರೂ ಬಾಯಿ ಬಿಟ್ಟೆವೇ?

ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಸ್ಕ್ರಿಪ್ಟ್ ಬರೆಯುವವರು ನಮ್ಮ ಮಕ್ಕಳೇ. ಈ ಒಂದು ಸಾಲು ಸೇರಿಸಲು ಮೇಲಿನವರ ಅಪ್ಪಣೆಗೆ ಕಾಯಬೇಡಿ. ಅಪ್ಪಣೆ ಬೇಕೇಬೇಕೆಂದರೆ ಕೇಳಿ ಪಡೆಯಿರಿ. ಸ್ಕ್ರಿಪ್ಟ್ ಬಾರದವರು ‘ಡೌನ್‌ಲೋಡ್ 3’ರ ಚಿತ್ರ ತೆಗೆದು, ಆ ಫೈಲು ಕೊಟ್ಟ ಕಚೇರಿಗೇ ಕನ್ನಡದಲ್ಲಿ ಅರ್ಜಿ ಬರೆಯಿರಿ. 1963ರ ರಾಜಭಾಷಾ ಕಾಯ್ದೆಯನ್ನು ಅದರಲ್ಲೇ ನೆನಪಿಸಿ. ಉತ್ತರ ಬರಲಿಲ್ಲವೇ? ಎರಡನೇ ಅರ್ಜಿ ಹಾಕಿ.

ಬೋರ್ಡಿಗೆ ಬಣ್ಣ ಬೇಕು, ಬಡಗಿ ಬೇಕು. ಇದಕ್ಕೆ ಬೇಕಾದ್ದು ಒಂದು ಸಾಲು, ಒಂದಿಷ್ಟು ಮನಸ್ಸು!