ಕಡಲ ದಂಡೆಯಲ್ಲೊಂದು ಬಿಡಾರ

ರಜೆ ಸಮೀಪಿಸಿತೆಂದರೆ ನಮ್ಮಂಥ ಸಂಸಾರವಂದಿಗರ ಮನೆಗಳಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಊರಿಗೆ ಹೋಗೋಣ ಎನ್ನುವುದು ಹಿರಿಯರ ಪಕ್ಷ; ಎಲ್ಲಾದರೂ ಹೊಸ ಜಾಗ ನೋಡೋಣ ಎನ್ನುವುದು ಮಕ್ಕಳ ಪಕ್ಷ. ಈಚೆಗೆ ಹಿರಿಯರ ಪಕ್ಷ ಸೋಲುತ್ತಿದೆ. ಅದಕ್ಕೆ ಮಕ್ಕಳ ಹಟವೊಂದೇ ಕಾರಣವಲ್ಲ. ಪುಣೆಯಲ್ಲಿ ನೆಲೆಸಿದ ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಈಗ ಮನೆಯೇ ಉಳಿದಿಲ್ಲ. ಅಜ್ಜನ ಕಾಲದ ಹಿರಿಯ ಮನೆ ಪಾಲಾಯಿತು, ಪಾಲುಗಳು ಮಾರಾಟವಾದವು. ಅಣ್ಣ ಪುಣೆಯಲ್ಲಿ, ಅಕ್ಕ ಧಾರವಾಡದಲ್ಲಿ, ತಮ್ಮ ಬೆಂಗಳೂರಿನಲ್ಲಿ. ಎಲ್ಲರೂ ಒಂದೆಡೆ ಕೂಡಬೇಕೆಂದರೆ ಯಾರ ಮನೆಯಲ್ಲೂ ಹನ್ನೆರಡು ಹಾಸಿಗೆ ಹಾಸುವಷ್ಟು ಜಾಗವಿಲ್ಲ. ಆದುದರಿಂದ ರಜೆಯ ಬಿಡಾರವೆಂಬುದು ಈಗ ಬರಿಯ ವಿಲಾಸದ ಮಾತಲ್ಲ. ನಾಲ್ಕು ದಿನದ ಮಟ್ಟಿಗೆ ಅದೇ ನಮ್ಮ ಹಿರಿಯ ಮನೆ. ಅದನ್ನು ಆರಿಸುವುದು ಹೇಗೆ ಎಂಬುದೇ ಈ ಸಲದ ವಿಚಾರ.

ಇಂಥ ಕೂಟಕ್ಕೆ ನಾವು ಸೂಚಿಸುವ ಊರು ಸಿಂಧುದುರ್ಗ ಜಿಲ್ಲೆಯ ಮಾಲವಣ. ಪುಣೆಯವರು ಕೊಲ್ಹಾಪುರಕ್ಕೆ ಹೋಗಿ, ಗಗನಬಾವಡಾ ಅಥವಾ ಫೋಂಡಾ ಘಾಟಿನಿಂದ ಕೆಳಗಿಳಿಯಬಹುದು. ಧಾರವಾಡ, ಬೆಳಗಾವಿಯವರಿಗೆ ಅಂಬೋಲಿ ಘಾಟು, ಸಾವಂತವಾಡಿಯ ದಾರಿ ಇದೆ. ರೈಲಿನಲ್ಲಿ ಬರುವವರು ಕೊಂಕಣ ರೇಲ್ವೆಯ ಕುಡಾಳದಲ್ಲಿ ಇಳಿದರೆ ಅಲ್ಲಿಂದ ಸುಮಾರು 30 ಕಿ.ಮೀ. ಅಂದರೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಎಲ್ಲರೂ ಅರ್ಧ ದಾರಿ ನಡೆದು ಬಂದು ಕೂಡುತ್ತಾರೆ. ಬೀಗರ ನಡುವೆ, ಒಡಹುಟ್ಟಿದವರ ನಡುವೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಇನ್ನಾವುದು?

ಊರು ಒರಟು ಚೆಲುವಿನದು. ಕೆಲವೆಡೆ ನುಣ್ಣನೆಯ ಮರಳು, ಕೆಲವೆಡೆ ಕಪ್ಪು ಬಂಡೆ, ಎದುರಿಗೆ ನೀರಿನ ನಡುವೆ ದ್ವೀಪ. ಕುರಟೆ ಎಂಬ ಆ ಬಂಡೆಯ ದ್ವೀಪದ ಮೇಲೆ 1664ರಲ್ಲಿ ಶಿವಾಜಿ ಮಹಾರಾಜರು ಸಿಂಧುದುರ್ಗದ ಕೆಲಸಕ್ಕೆ ಕೈಹಾಕಿದರು. 48 ಎಕರೆಯ ಆ ಕೋಟೆಯ ಹೆಬ್ಬಾಗಿಲು ಹೊರಗಿನಿಂದ ಬರುವವನ ಕಣ್ಣಿಗೆ ಸುಲಭವಾಗಿ ಬೀಳದು. ಒಳಗೆ ಇಂದಿಗೂ ಕೆಲವು ಮನೆತನಗಳು ವಾಸವಾಗಿವೆ. 2025ರ ಜುಲೈನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ 12 ಕೋಟೆಗಳಲ್ಲಿ ಇದೂ ಒಂದು. ಆದರೆ ನಮಗೆ ಎಲ್ಲಕ್ಕಿಂತ ಹೆಚ್ಚಿನ ಸೋಜಿಗವೆನಿಸುವುದು ಅಲ್ಲಿಯ ಮೂರು ಬಾವಿಗಳು: ದೂಧಬಾವ್, ದಹಿಬಾವ್, ಸಾಖರಬಾವ್. ಹಾಲು, ಮೊಸರು, ಸಕ್ಕರೆ! ಸುತ್ತಲೂ ಉಪ್ಪುನೀರು, ನಡುವೆ ಸಿಹಿನೀರು. ಈ ಬಾವಿಗಳಿಲ್ಲದಿದ್ದರೆ ಅಷ್ಟು ದಪ್ಪದ ಗೋಡೆಗಳಿದ್ದೂ ಒಳಗಿನವರು ಎಷ್ಟು ದಿನ ಬಾಳಿಯಾರು? ಕಡಲ ದಂಡೆಯಲ್ಲಿ ಮನೆ ಹುಡುಕುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ನೀರು ಸಿಹಿಯೋ, ಉಪ್ಪೋ?

ದಂಡೆಗೆ ತೀರ ಸಮೀಪದ ಕೆಲವು ಬಾವಿಗಳ ನೀರಿಗೆ ಬೇಸಿಗೆ ಬಲಿತಂತೆ ಉಪ್ಪು ಏರುತ್ತದೆ. ಡಿಸೆಂಬರಿನಲ್ಲಿ ಹೋಗಿ ಬಂದವರು ಹೊಗಳಿದ ನೀರು ಮೇ ತಿಂಗಳಿಗೆ ಹಾಗೆಯೇ ಇರಬೇಕೆಂದಿಲ್ಲ. ಬೇಳೆ ಬೇಯದ, ಸಾಬೂನು ನೊರೆಯಾಗದ ನೀರಿನಲ್ಲಿ ಹನ್ನೆರಡು ಜನ ನಾಲ್ಕು ದಿನ ಕಳೆಯುವುದು ಸುಖವಲ್ಲ. ಕುಡಿಯುವ ನೀರು ಎಲ್ಲಿಂದ, ಸ್ನಾನದ ನೀರು ಎಲ್ಲಿಂದ, ವಿದ್ಯುತ್ತು ಹೋದಾಗ ಪಂಪು ನಿಂತರೆ ತೊಟ್ಟಿಯಲ್ಲಿ ಎಷ್ಟು ಹೊತ್ತಿನ ನೀರಿರುತ್ತದೆ—ಇವನ್ನು ಸಂಕೋಚವಿಲ್ಲದೆ ಕೇಳಿರಿ.

ಎರಡನೆಯ ಪ್ರಶ್ನೆ ಮೆಟ್ಟಿಲಿನದು. ಫೋಟೋಗಳಲ್ಲಿ ಸೂರ್ಯಾಸ್ತ ಕಾಣುತ್ತದೆ, ತೆಂಗಿನ ಮರ ಕಾಣುತ್ತದೆ, ಉಯ್ಯಾಲೆ ಕಾಣುತ್ತದೆ. ಮೆಟ್ಟಿಲು ಮಾತ್ರ ಕಾಣುವುದಿಲ್ಲ. ಬಂಡೆಯ ಮೇಲಿನ ಮನೆಗೆ ನೋಟ ಚೆಂದ; ಆದರೆ ವಾಹನ ನಿಲ್ಲುವ ಜಾಗದಿಂದ ಬಾಗಿಲಿನವರೆಗೆ ಎಷ್ಟು ಮೆಟ್ಟಿಲು? ಹಿಡಿಯಲು ಕಂಬಿ ಇದೆಯೇ? ಬಚ್ಚಲುಮನೆ ಒಳಗೋ, ಅಂಗಳ ದಾಟಿಯೋ? ಕಮೋಡು ಇದೆಯೇ? ಮೊಣಕಾಲು ನೋವಿನ ತಾಯಿಯನ್ನು ಎತ್ತರದ ಮನೆಗೆ ಒಮ್ಮೆ ಹತ್ತಿಸಿದಿರೆಂದರೆ ಆಕೆ ಮತ್ತೆ ಇಳಿಯುವುದು ಊರಿಗೆ ಹೊರಡುವ ದಿನವೇ. ಮಕ್ಕಳು ಮೊಮ್ಮಕ್ಕಳು ಮರಳಿನಲ್ಲಿ ಆಡುವಾಗ ಆಕೆ ಮೇಲಿನ ಕಿಟಕಿಯಲ್ಲಿ ಕುಳಿತು, “ನನಗೇನೂ ಬೇಸರವಿಲ್ಲ, ನೀವು ಹೋಗಿ ಬನ್ನಿ” ಎನ್ನುತ್ತಾಳೆ. ಆ ಮಾತನ್ನು ನಾವು ಯಾರೂ ನಂಬಬಾರದು.

ನಮ್ಮ ಪರಿಚಯದ ಒಂದು ಕುಟುಂಬ ಸಮುದ್ರ ಕಾಣುವ ಮನೆಯೆಂದು ಹೆಚ್ಚಿನ ಬಾಡಿಗೆ ಕೊಟ್ಟು ಹೋಯಿತು. ಮಾಲಿಕರು ಸುಳ್ಳು ಹೇಳಿರಲಿಲ್ಲ. ಮಾಳಿಗೆಯ ನೀರಿನ ತೊಟ್ಟಿಯ ಪಕ್ಕದಲ್ಲಿ ತುದಿಗಾಲಲ್ಲಿ ನಿಂತರೆ ಸಮುದ್ರ ಕಾಣುತ್ತಿತ್ತು! ಆದರೂ ಆ ಮನೆಯವರು ಈಗಲೂ ಅದೇ ಬಿಡಾರದ ಗುಣಗಾನ ಮಾಡುತ್ತಾರೆ. ಕಾರಣ, ಅದಕ್ಕೆ ಉದ್ದನೆಯ ಪಡಸಾಲೆ ಇತ್ತು. ಕೆಂಪು ಜಂಬಿಟ್ಟಿಗೆಯ ಗೋಡೆ, ಮಂಗಳೂರು ಹಂಚಿನ ಮಾಡು, ಮುಂದೆ ಅಂಗಳ, ತುಳಸಿಕಟ್ಟೆ. ರಾತ್ರಿ ಊಟವಾದ ಮೇಲೆ ಹದಿಮೂರು ಜನ ಒಂದೇ ಸಾಲಿನಲ್ಲಿ ಹಾಸಿಗೆ ಹಾಸಿ, ದೀಪ ಆರಿಸಿ ಮಾತಾಡುತ್ತ ಮಲಗಿದರಂತೆ. ಬೆಂಗಳೂರಿನಲ್ಲಿ ಬೆಳೆದ ಮಗುವಿಗೆ ಧಾರವಾಡದ ಸೋದರತ್ತೆಯ ಕತೆ ಕೇಳಿದ್ದು ಅದೇ ಮೊದಲು. ಸಮುದ್ರ ನೋಡಲು ದಂಡೆಗೆ ಹೋಗಬಹುದು. ಎಲ್ಲರೂ ಕೂಡಿ ಮಲಗುವ ಪಡಸಾಲೆಯನ್ನು ಹೊರಗೆಲ್ಲಿ ಹುಡುಕುವುದು? ಬೇರೆಬೇರೆ ಅಂತಸ್ತಿನ ನಾಲ್ಕು ಕೋಣೆಗಳಿಗಿಂತ ಎರಡು ಕೋಣೆ ಮತ್ತು ಒಂದು ಪಡಸಾಲೆ ನಮ್ಮ ಕೂಟಕ್ಕೆ ಲೇಸು.

ಮೂರನೆಯದು ಅಡಿಗೆಮನೆ. ಇಲ್ಲಿ ಗಂಡಸರು ಸ್ವಲ್ಪ ಕಿವಿಗೊಡಬೇಕು. ಪೂರ್ತಿ ಮನೆ ಹಿಡಿದು, ಒಲೆ ಪಾತ್ರೆ ಎಲ್ಲ ಇದೆಯೆಂದು ಹಿಗ್ಗಿ, ಹನ್ನೆರಡು ಜನರ ಅಡಿಗೆಯನ್ನು ಮನೆಯ ಹೆಂಗಸರ ಮೇಲೆ ಹೊರಿಸಿದರೆ ರಜೆ ಯಾರಿಗೆ ಆಯಿತು? ಹಾಗೆಂದು ಅಡಿಗೆಮನೆಯೇ ಇಲ್ಲದ ಜಾಗವೂ ಬೇಡ. ಮಗುವಿನ ಹಾಲು, ಹಿರಿಯರ ಪಥ್ಯ, ನಮ್ಮ ಕಾಫಿ ಇವಕ್ಕೆ ಒಂದು ಒಲೆ ಬೇಕು. ಉಳಿದ ಊಟವನ್ನು ಮನೆಯೊಡತಿಯಿಂದಲೇ ಹಣ ಕೊಟ್ಟು ಮಾಡಿಸಿಕೊಳ್ಳುವುದು ಉತ್ತಮ. ಮಾಲವಣದ ಘಾವಣೆ ನಮ್ಮ ಕರಾವಳಿಯ ನೀರುದೋಸೆಯ ಒಡಹುಟ್ಟಿದಂತಿದೆ. ಕೋಕಂ ಮತ್ತು ತೆಂಗಿನ ಹಾಲಿನ ಸೋಲಕಢಿ ಬಿಸಿಲಿನಲ್ಲಿ ಬಂದವರಿಗೆ ಅಮೃತ. ಬೇಸಿಗೆಯ ಆರಂಭದಲ್ಲಿ ಹಸಿ ಗೇರುಬೀಜದ ಉಸಳಿ ಸಿಕ್ಕರೆ ಬಿಡಬಾರದು. ಆದರೆ ಇದು ಮೀನಿನ ನಾಡು. ಶಾಕಾಹಾರಿಗಳು ಬೇರೆ ಪಾತ್ರೆಗಳ ವಿಷಯವನ್ನು ಮುಂಚಿತವಾಗಿ ಕೇಳಿಕೊಳ್ಳಬೇಕು. ಹೋದ ಮೇಲೆ ಮೂಗು ಮುರಿಯುವುದು ಅತಿಥಿಗೆ ಭೂಷಣವಲ್ಲ.

ನಾಲ್ಕನೆಯದು ದಾರಿ. ಮಾಲವಣದಿಂದ ದಕ್ಷಿಣಕ್ಕೆ ತಾರ್ಕರ್ಲಿ, ಅದರಾಚೆ ದೇವಬಾಗ. ದೇವಬಾಗವೆಂದರೆ ಒಂದು ಬದಿಗೆ ಕರ್ಲಿ ನದಿ, ಇನ್ನೊಂದು ಬದಿಗೆ ಅರಬ್ಬೀ ಸಮುದ್ರ, ನಡುವೆ ನಾಲಗೆಯಂಥ ನೆಲ. ನೋಟಕ್ಕೆ ಅದರ ಸಾಟಿಯಿಲ್ಲ. ಆದರೆ ದಾರಿ ಕಿರಿದು. ಎದುರಿನಿಂದ ಬಸ್ಸು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ನಡುರಾತ್ರಿ ಹಿರಿಯರಿಗೆ ಎದೆನೋವು ಬಂದರೆ ಆಸ್ಪತ್ರೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಮನಸ್ಸಿನಲ್ಲಿರಲಿ. ಹೃದ್ರೋಗಿಗಳು, ಹಸುಗೂಸುಗಳು ಇರುವ ಮನೆಯವರು ಊರಿನ ಹತ್ತಿರ ತಂಗಿ, ಹಗಲಲ್ಲಿ ದೇವಬಾಗ ನೋಡಿ ಬರಬಹುದು. ಘಾಟಿನ ವಿಷಯವೂ ಅಷ್ಟೆ. 2024ರಲ್ಲಿ ಗಗನಬಾವಡಾದ ಕರೂಳ ಘಾಟನ್ನು ದುರಸ್ತಿಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದರು. ಹೊರಡುವ ಮುನ್ನ ಒಂದು ಫೋನು ಮಾಡಿದರೆ ಅರ್ಧ ದಿನ ಉಳಿಯುತ್ತದೆ.

ಇನ್ನು ಸಮುದ್ರದ ಮಾತು. ಇದನ್ನು ನಗುನಗುತ್ತ ಬರೆಯಲು ಆಗುವುದಿಲ್ಲ. 2017ರ ಏಪ್ರಿಲಿನಲ್ಲಿ ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಪ್ರವಾಸ ಬಂದವರಲ್ಲಿ 8 ಮಂದಿ ಇದೇ ಮಾಲವಣದ ವಾಯರಿ ದಂಡೆಯಲ್ಲಿ ಮುಳುಗಿದರು. ಅದಕ್ಕೆ ಹಿಂದಿನ ವರ್ಷ ಫೆಬ್ರವರಿ 1ರಂದು ರಾಯಗಡ ಜಿಲ್ಲೆಯ ಮುರುಡದಲ್ಲಿ ನಮ್ಮ ಪುಣೆಯ ಕಾಲೇಜು ಮಕ್ಕಳು ಹೋದರು. ಸಮುದ್ರ ನೋಡದ ಬಯಲುಸೀಮೆಯವರು ನಾವು. ಕೆರೆ, ಹೊಳೆಯ ಈಜು ನಮಗೆ ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. ದಂಡೆಗೆ ಬಂದ ಅಲೆಗಳ ನೀರು ಒಂದು ಕಡೆ ಕೂಡಿಕೊಂಡು ಕಿರಿದಾದ ಕಾಲುವೆಯಂತೆ ರಭಸದಿಂದ ಹಿಂದಕ್ಕೆ ಹೋಗುತ್ತದೆ. ಎಡಬಲಕ್ಕೆ ನೊರೆ ಏಳುತ್ತಿರುವಾಗ ನಡುವೆ ಶಾಂತವಾಗಿ ಕಾಣುವ ನೀರಿನ ಪಟ್ಟಿಯೇ ಹಲವು ಸಲ ಆ ಸೆಳೆತದ ಜಾಗ. ತಿಳಿಯದವರು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಕೊಂಡವರು ನೇರವಾಗಿ ದಂಡೆಯತ್ತ ಈಜಿ ದಣಿಯಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ಮರಳಬೇಕು. ಈಜು ಬಾರದವರು ಮೊಣಕಾಲಿನ ನೀರು ದಾಟಬಾರದು.

ಆದುದರಿಂದ ಮನೆಯೊಡೆಯರಿಗೆ ಐದನೆಯ ಪ್ರಶ್ನೆ: ನಿಮ್ಮ ಎದುರಿನ ದಂಡೆಯಲ್ಲಿ ನಿಮ್ಮ ಮಕ್ಕಳು ನೀರಿಗಿಳಿಯುತ್ತಾರೆಯೇ? ಅವರು ಅನುಮಾನಿಸಿದರೆ ಆ ಮನೆಯನ್ನು ನೋಟಕ್ಕೆಂದು ಮಾತ್ರ ಆರಿಸಿರಿ, ಸ್ನಾನಕ್ಕಲ್ಲ. ಭರತ ಇಳಿತಗಳ ವೇಳೆಯನ್ನೂ ಕೇಳಿಕೊಳ್ಳಿರಿ. ದಿನಕ್ಕೆ ಎರಡು ಭರತ, ಎರಡು ಇಳಿತ. ಇಂದು ಬೆಳಿಗ್ಗೆ 8ಕ್ಕೆ ಭರತವಾದರೆ ನಾಳೆ ಹೆಚ್ಚುಕಡಿಮೆ 8-50ಕ್ಕೆ. ಅಮಾವಾಸ್ಯೆ, ಹುಣ್ಣಿಮೆಯ ಸುಮಾರಿಗೆ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದಲ್ಲಿ ನಡೆದು ಹೋದ ಬಂಡೆಯ ಸುತ್ತ ಭರತದಲ್ಲಿ ನೀರು ತುಂಬುತ್ತದೆಂಬುದನ್ನು ಹುಡುಗರಿಗೆ ಮೊದಲ ದಿನವೇ ಹೇಳಬೇಕು.

ಕಾಲದ ವಿಷಯದಲ್ಲಿ, ದೀಪಾವಳಿ ಮುಗಿದ ಮೇಲಿನಿಂದ ಫೆಬ್ರವರಿಯವರೆಗೆ ಹವೆ ಹಿತ. ಮೇ ತಿಂಗಳಲ್ಲಿ ಸೆಕೆ ಉಂಟು, ಆದರೆ ಮಾವು ಹಲಸುಗಳೂ ಉಂಟು. ಮಳೆಗಾಲದಲ್ಲಿ ಕೋಟೆಗೆ ಹೋಗುವ ದೋಣಿಗಳು ನಿಲ್ಲುತ್ತವೆ. ಮಾಲವಣದ ಸಮೀಪದ ಆಂಗಣೆವಾಡಿಯ ಭರಾಡಿದೇವಿಯ ಜಾತ್ರೆಯ ದಿನಗಳಲ್ಲಿ ಬಿಡಾರ ಸಿಗುವುದು ದುರ್ಲಭ; ಆ ಜಾತ್ರೆಗೆ ನಿಶ್ಚಿತ ತಿಥಿಯಿಲ್ಲ, ಪ್ರತಿವರ್ಷ ದೇವಿಯ ಅಪ್ಪಣೆ ಕೇಳಿ ದಿನ ಗೊತ್ತುಮಾಡುತ್ತಾರೆ. ಗಣೇಶ ಚೌತಿಯಲ್ಲಂತೂ ಕೋಣೆ ಕೇಳಲೇಬಾರದು. ಮುಂಬಯಿಯಲ್ಲಿ ದುಡಿಯುವ ಕೊಂಕಣದ ಮಕ್ಕಳೆಲ್ಲ ಆಗ ಮನೆಗೆ ಬರುತ್ತಾರೆ. ಅವರಿಗೆ ಇನ್ನೂ ಹಿರಿಯ ಮನೆ ಉಳಿದಿದೆ. ನಾವು ಬಾಡಿಗೆಗೆ ಹಿಡಿಯುವ ಪಡಸಾಲೆಯಲ್ಲಿಯೇ ಅವರ ಗಣಪತಿ ಕೂಡುತ್ತಾನೆ. ಪರಸ್ಥಳದಲ್ಲಿ ಬಾಳುವ ನಮಗಿಂತ ಚೆನ್ನಾಗಿ ಇದನ್ನು ಅರಿಯಬಲ್ಲವರು ಯಾರು?

ಕೊನೆಗೆ ಹಣಕಾಸು. ಬಾಡಿಗೆ ಮನೆಗೋ, ತಲೆಗೋ? ಮಕ್ಕಳಿಗೆ ಎಷ್ಟು? ಊಟ ಸೇರಿದೆಯೋ? ಬರಲಾಗದಿದ್ದರೆ ಮುಂಗಡದಲ್ಲಿ ಎಷ್ಟು ಮರಳಿ ಬರುತ್ತದೆ? ಇವನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ತರಿಸಿಕೊಳ್ಳಿರಿ. ಕಚೇರಿಯಲ್ಲಿ ಮೂರು ದರಪತ್ರಿಕೆ ಪಕ್ಕಪಕ್ಕದಲ್ಲಿಟ್ಟು ನೋಡುವಂತೆ ಮೂರು ಮನೆಗಳನ್ನು ಒಂದು ಹಾಳೆಯ ಮೇಲೆ ಬರೆದರೆ ಅಗ್ಗದ್ದು ಯಾವುದು, ಅಗ್ಗದಂತೆ ಕಾಣುವುದು ಯಾವುದು ಎಂಬುದು ತಾನೇ ಬಯಲಾಗುತ್ತದೆ. ಮಹಾರಾಷ್ಟ್ರದ ನಿವಾಸ ನ್ಯಾಹರಿ ಯೋಜನೆಯಲ್ಲಿ ನೋಂದಾಯಿಸಿದ ಮನೆಗಳಿವೆ. ನೋಂದಣಿ ಇದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಕೆಲವರ ಮಕ್ಕಳು ಬ್ರಿಟನ್ನಿನಲ್ಲಿದ್ದಾರೆ. ಅವರು ರಜೆಗೆ ಸ್ಕಾಟ್ಲಂಡಿನ ಸ್ಕೈ ಮುಂತಾದ ದ್ವೀಪಗಳಿಗೆ ಹೋಗುವುದುಂಟು. ಅಲ್ಲಿ ಈಗ ರಜೆಗಾಗಿ ಮನೆ ಬಾಡಿಗೆಗೆ ಕೊಡುವವರು ಪರವಾನಗಿ ಪಡೆದಿರಲೇಬೇಕು. ಹಳಬರು ಅರ್ಜಿ ಹಾಕಲು 2023ರ ಅಕ್ಟೋಬರ್ 1 ಗಡುವಾಗಿತ್ತು. ಅಲ್ಲಿಯೂ ಒಂಟಿ ವಾಹನದ ಕಿರುದಾರಿ, ಅಲ್ಲಿಯೂ ಕ್ಷಣದಲ್ಲಿ ಬದಲಾಗುವ ಸಮುದ್ರ. ದೇಶ ಯಾವುದಾದರೂ ಕೇಳಬೇಕಾದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಇಷ್ಟೆಲ್ಲ ವಿಚಾರಿಸಿದರೆ ಮನೆಯೊಡೆಯರು ಬೇಸರಪಟ್ಟಾರೆಂಬ ಅಂಜಿಕೆ ಬೇಡ. ಸರಿಯಾದ ಮನೆಯವರು ಸಂತೋಷದಿಂದಲೇ ಉತ್ತರಿಸುತ್ತಾರೆ. “ಅಮ್ಮನವರಿಗೆ ಕೆಳಗಿನ ಕೋಣೆ ಕೊಡೋಣ” ಎಂದು ತಾವಾಗಿ ಹೇಳುವವರು ಸಿಕ್ಕರೆ ಬೇರೆ ಕಡೆ ಹುಡುಕುವ ಅಗತ್ಯವಿಲ್ಲ. ನಮ್ಮ ಓದುಗರಲ್ಲಿ ಈಗಾಗಲೇ ಹೋಗಿ ಬಂದವರು ನೀರು, ಮೆಟ್ಟಿಲು, ಪಡಸಾಲೆ, ಅಡಿಗೆಮನೆ, ದಂಡೆ ಇವುಗಳ ಬಗ್ಗೆ ನಾಲ್ಕು ಸಾಲು ಬರೆದು ಸಂಘಕ್ಕೆ ಕಳಿಸಿದರೆ, ಅವನ್ನೆಲ್ಲ ಒಂದು ದಫ್ತರಿನಲ್ಲಿ ಬರೆದಿಡಬಹುದು. ಮುಂದಿನ ರಜೆಯಲ್ಲಿ ಯಾರಾದರೂ ತಮ್ಮ ವೃದ್ಧ ತಂದೆತಾಯಿಗಳನ್ನು ಕರೆದುಕೊಂಡು ಹೊರಟಾಗ ಆ ದಫ್ತರು ಅವರಿಗೆ ಉಪಯೋಗಕ್ಕೆ ಬಂದೀತು.