ಗ್ಲಾನನ ಹಾಸಿಗೆಯ ಬಳಿ ಒಬ್ಬಳೇ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಅಂತರಂಗ ತಪಸ್ಸುಗಳನ್ನು ಹೇಳುವಾಗ ವೈಯಾವೃತ್ಯವನ್ನು ಸ್ವಾಧ್ಯಾಯ, ಧ್ಯಾನಗಳಿಗಿಂತ ಮೊದಲೇ ಎಣಿಸುತ್ತದೆ. ಆ ಸೇವೆ ಯಾರಿಗೆ ಸಲ್ಲಬೇಕೆಂಬ ಹತ್ತು ಹೆಸರುಗಳಲ್ಲಿ ಶೈಕ್ಷ ಮತ್ತು ಗ್ಲಾನ ಎಂಬೆರಡು ಅಕ್ಕಪಕ್ಕದಲ್ಲಿವೆ. ಶೈಕ್ಷನೆಂದರೆ ಕಲಿಯುತ್ತಿರುವವನು, ಗ್ಲಾನನೆಂದರೆ ರೋಗದಿಂದ ಬಳಲಿದವನು. ಸೂತ್ರಕಾರರ ಗಮನದಲ್ಲಿದ್ದುದು ಮುನಿಸಂಘ. ಆದರೆ ಈ ಇಬ್ಬರೂ ಇಂದು ದಿನನಿತ್ಯ ಎದುರುಬದುರಾಗುವ ಸ್ಥಳ ಆಸ್ಪತ್ರೆಯ ವಾರ್ಡು. ಅಲ್ಲಿ ಕಲಿಯುತ್ತಿರುವವಳು ನರ್ಸಿಂಗ್ ವಿದ್ಯಾರ್ಥಿನಿ. ಬಳಲಿದವನು ಗುಣವಾಗದ ಕಾಯಿಲೆಯ ರೋಗಿ.

ಈ ಭೇಟಿಗೆ ಈಚಿನ ವರ್ಷಗಳಲ್ಲಿ ಹೊಸ ಮಹತ್ವ ಬಂದಿದೆ. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪರಿಷ್ಕೃತ ಪಠ್ಯಕ್ರಮವು ಬಿ.ಎಸ್ಸಿ. ನರ್ಸಿಂಗ್ ಪದವಿಯಲ್ಲಿ ಉಪಶಾಮಕ ಆರೈಕೆಯ ಪಾಠವನ್ನು ಕಡ್ಡಾಯಗೊಳಿಸಿತು. ಘನತೆಯಿಂದ ಸಾಯುವ ಹಕ್ಕಿನ ಕುರಿತು ಸುಪ್ರೀಂ ಕೋರ್ಟ್ 2018ರಲ್ಲಿ ನೀಡಿ, 2023ರಲ್ಲಿ ಸರಳಗೊಳಿಸಿದ ನಿರ್ದೇಶನಗಳನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಚರ್ಚೆಯೆಲ್ಲ ಯಂತ್ರವನ್ನು ತೆಗೆಯಬಹುದೆ, ಯಾರು ತೀರ್ಮಾನಿಸಬೇಕು ಎಂಬುದರ ಸುತ್ತಲೇ ನಡೆಯಿತು. ಯಂತ್ರವನ್ನು ತೆಗೆದ ಮೇಲೆ, ಅಥವಾ ಅದನ್ನು ಕಾಣದೆಯೇ ಮನೆಗೆ ಮರಳಿದ ಮೇಲೆ, ರೋಗಿಯ ಬಳಿ ಕುಳಿತಿರುವವರು ಯಾರೆಂಬ ಪ್ರಶ್ನೆ ಹಿಂದುಳಿಯಿತು. ಇದನ್ನು ಸಲ್ಲೇಖನದೊಡನೆ ಬೆರೆಸುವುದೂ ತರವಲ್ಲ. ಅದು ವ್ರತ, ಇದು ಚಿಕಿತ್ಸೆ. ಸಾವನ್ನು ಬೇಗ ಬರಮಾಡಿಕೊಳ್ಳುವುದು ಉಪಶಾಮಕ ಆರೈಕೆಯ ಉದ್ದೇಶವಲ್ಲ, ಮುಂದೂಡುವುದೂ ಅಲ್ಲ, ನೋವನ್ನು ತಗ್ಗಿಸುವುದಷ್ಟೇ.

ಉಡುಪಿ ಜಿಲ್ಲೆಯ 83 ಡಿಪ್ಲೊಮಾ ನರ್ಸಿಂಗ್ ವಿದ್ಯಾರ್ಥಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇ 79.5ರಷ್ಟು ಮಂದಿಗೆ ಈ ವಿಷಯದ ತಿಳಿವಳಿಕೆ ಕಡಿಮೆಯಿತ್ತು. ಆದರೆ ಶೇ 92.8ರಷ್ಟು ಮಂದಿಯ ಮನೋಭಾವ ಅನುಕೂಲವಾಗಿತ್ತು. ರತ್ನತ್ರಯದ ಭಾಷೆಯಲ್ಲಿ ಹೇಳುವುದಾದರೆ ದರ್ಶನವಿತ್ತು, ಜ್ಞಾನವಿರಲಿಲ್ಲ. ಹೊಸ ಪಠ್ಯಕ್ರಮ ಜ್ಞಾನವನ್ನು ಕೊಡಹೊರಟಿದೆ. ಉಳಿದಿರುವುದು ಚಾರಿತ್ರ, ಅಂದರೆ ಆಚರಣೆ. ಕಷ್ಟವಿರುವುದೂ ಅಲ್ಲಿಯೇ.

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಆ ಕಷ್ಟ ಸ್ಪಷ್ಟವಾಗಿ ಕಾಣುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳ ನಡುವಿನ ಕ್ಯಾಂಪುಗಳು, ಲಿಂಗಸುಗೂರಿನ ತಾಂಡಾಗಳು, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರ ಮನೆಗಳು: ಇಲ್ಲಿನ ಕ್ಯಾನ್ಸರ್ ರೋಗಿ ರಾಯಚೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ, ಇನ್ನು ಮನೆಗೆ ಕರೆದೊಯ್ಯಿರಿ ಎಂಬ ಮಾತು ಕೇಳಿಕೊಂಡು ಮರಳುತ್ತಾನೆ. ಅನಂತರ ಅವನನ್ನು ಕಾಣುವ ಶಿಕ್ಷಿತ ಕಣ್ಣು ಬಹುಮಟ್ಟಿಗೆ ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿಯದು ಅಥವಾ ಅಲ್ಲಿ ಅಭ್ಯಾಸಕ್ಕೆ ಬಂದ ವಿದ್ಯಾರ್ಥಿನಿಯದು.

ಆಕೆ ಕಲಿತದ್ದರಲ್ಲಿ ಕೆಲವು ಕೂಡಲೇ ಉಪಯೋಗಕ್ಕೆ ಬರುತ್ತವೆ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಒಣಗಿದ ಬಾಯಿಯನ್ನು ಒರೆಸುವುದು, ನೋವು ಹತ್ತರಲ್ಲಿ ಎಷ್ಟೆಂದು ಕೇಳಿ ಬರೆದಿಡುವುದು. ಗುಟ್ಕಾದಿಂದ ಬಂದ ಬಾಯಿ ಕ್ಯಾನ್ಸರಿನ ಹುಣ್ಣು ಕೊಳೆತು ನಾರುವಾಗ ಮನೆಯವರೂ ದೂರ ಸರಿಯುತ್ತಾರೆ. ಮೆಟ್ರೋನಿಡಜೋಲ್ ಮಾತ್ರೆಯ ಪುಡಿಯನ್ನು ಹುಣ್ಣಿಗೆ ಉದುರಿಸಿದರೆ ವಾಸನೆ ತಗ್ಗುತ್ತದೆಂಬುದು ಈ ಶಿಕ್ಷಣದ ಅಗ್ಗದ, ಅಮೂಲ್ಯ ಪಾಠ. ನಿರ್ವಿಚಿಕಿತ್ಸಾ ಅಂಗಕ್ಕೆ ಪ್ರಸಿದ್ಧನಾದ ಉದ್ದಾಯನ ಮಹಾರಾಜನು ವಾಂತಿ ಮಾಡಿಕೊಂಡ ಮುನಿಯನ್ನು ಅಸಹ್ಯಪಡದೆ ತೊಳೆದು ಉಪಚರಿಸಿದನೆಂದು ಕಥೆಯಿದೆ. ಅವನ ಬಳಿ ಸಹನೆಯೊಂದೇ ಇತ್ತು, ಮಾತ್ರೆಯಿರಲಿಲ್ಲ.

ಕೈಯ ಕೆಲಸಕ್ಕಿಂತ ನಾಲಿಗೆಯ ಕೆಲಸ ಕಠಿಣ. "ತಂಗೀ, ನನಗ ಏನಾಗ್ಯಾದ?" ಎಂದು ರೋಗಿ ಕೇಳುವುದು ಸುತ್ತಿನಲ್ಲಿ ಬರುವ ವೈದ್ಯರನ್ನಲ್ಲ, ರಾತ್ರಿ ಸಲೈನ್ ಬಾಟಲಿ ಬದಲಿಸಲು ಬಂದ ಹುಡುಗಿಯನ್ನು. ಹೇಳಬೇಡವೆಂದು ಮಗ ಬಾಗಿಲಲ್ಲೇ ಕೈಮುಗಿದಿರುತ್ತಾನೆ. ಪರರಿಗೆ ಆಪತ್ತು ತರುವ ಸತ್ಯವನ್ನೂ ಶ್ರಾವಕನು ಆಡಬಾರದೆಂಬ ಸತ್ಯಾಣುವ್ರತದ ಮಾತನ್ನು ಇಲ್ಲಿ ಮುಂದೊಡ್ಡುವುದು ಸುಲಭ. ಆದರೆ ಅದು ನುಡಿಗೆ ಹಾಕಿದ ಎಲ್ಲೆ. ಸುಳ್ಳಿಗೆ ಕೊಟ್ಟ ಪರವಾನಗಿಯಲ್ಲ. "ಏನೂ ಆಗಿಲ್ಲ ಕಾಕಾ" ಎಂಬ ಉತ್ತರ ರೋಗಿಯನ್ನು ಸಮಾಧಾನಪಡಿಸುವುದಿಲ್ಲ. ಇನ್ನೊಮ್ಮೆ ಕೇಳದಂತೆ ಮಾಡುತ್ತದೆ. "ನಿಮಗೇನು ಅನ್ನಿಸ್ತದ ಕಾಕಾ?" ಎಂದು ಕೇಳಿ, ಅವನು ತಿಳಿಯಲು ಬಯಸಿದ್ದೆಷ್ಟೆಂದು ಅರಿತು, ವೈದ್ಯರಿಗೆ ತಿಳಿಸುವುದು ಆಕೆ ತರಗತಿಯಲ್ಲಿ ಕಲಿತ ಕ್ರಮ. ಹಿರಿಯರು ಗದರಿಸುವರೆಂಬ ಅಂಜಿಕೆಯಿಂದ ಆ ಪ್ರಶ್ನೆ ಗಂಟಲಲ್ಲೇ ಉಳಿಯುತ್ತದೆ.

ಮಾರ್ಫಿನ್ ವಿಷಯದಲ್ಲಿಯೂ ಹೀಗೆಯೇ. 2014ರ ಕಾನೂನು ತಿದ್ದುಪಡಿ ಆ ಔಷಧದ ಹಾದಿಯನ್ನು ಸುಗಮಗೊಳಿಸಿತು. ಆದರೂ ಮಾನ್ಯತೆ ಪಡೆದ ಸಂಸ್ಥೆ, ಬರೆದುಕೊಡುವ ವೈದ್ಯ ಇಲ್ಲದೆ ಅದು ದೊರೆಯದು. ವಿದ್ಯಾರ್ಥಿನಿ ನೋವು ಒಂಬತ್ತೆಂದು ಬರೆಯಬಲ್ಲಳು. ಓದಿ ಕ್ರಮ ಕೈಗೊಳ್ಳುವವರಿಲ್ಲದಿದ್ದರೆ ಆ ಅಂಕಿ ಹಾಳೆಯಲ್ಲೇ ಉಳಿಯುತ್ತದೆ.

ಭಗವತೀ ಆರಾಧನೆಯಲ್ಲಿ ಶಿವಾರ್ಯರು ಅಂತ್ಯಕಾಲದ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತಾರೆ. ಕೆಲವರು ಅವನನ್ನು ಹೊರಳಿಸಿ ಕೂರಿಸಲು, ಕೆಲವರು ಧರ್ಮಕಥೆ ಹೇಳಲು, ಕೆಲವರು ಮಲಮೂತ್ರ ತೆಗೆಯಲು, ಕೆಲವರು ಬಾಗಿಲು ಕಾಯಲು. ಕಾಲ ಅನುಕೂಲವಿಲ್ಲದಿದ್ದರೆ ಸಂಖ್ಯೆಯನ್ನು ತಗ್ಗಿಸಬಹುದು, ಇಬ್ಬರವರೆಗೆ ಮಾತ್ರ. ಒಬ್ಬನಿಗೆ ಅನುಮತಿಯಿಲ್ಲ. ಒಬ್ಬನೇ ಆದರೆ ಅವನು ಆಹಾರಕ್ಕೆ ಹೋದಾಗ ಕ್ಷಪಕ ಅನಾಥ. ಹೋಗದಿದ್ದರೆ ಸೇವಕನೇ ಕುಸಿಯುತ್ತಾನೆ. ಇಷ್ಟು ವ್ಯಾವಹಾರಿಕವಾದ ಕರುಣೆ ಧರ್ಮಗ್ರಂಥಗಳಲ್ಲಿ ಅಪರೂಪ. ಇಂದಿನ ಉಪಶಾಮಕ ಆರೈಕೆಯೂ ವೈದ್ಯ, ಶುಶ್ರೂಷಕಿ, ಸಮಾಜಕಾರ್ಯಕರ್ತ, ಸ್ವಯಂಸೇವಕ ಸೇರಿದ ತಂಡವನ್ನೇ ಕೇಳುತ್ತದೆ. ತಾಲ್ಲೂಕು ವಾರ್ಡಿನಲ್ಲಿ ತಂಡದ ಬದಲು ಒಬ್ಬಳು ಹುಡುಗಿ ನಿಂತಿರುತ್ತಾಳೆ, ಶಿಕ್ಷಣ ಕೊಟ್ಟೆವೆಂದು ವ್ಯವಸ್ಥೆ ಸುಮ್ಮನಾಗುತ್ತದೆ.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನವನ್ನು ಅಶೋಕನ ಹೆಸರಿಗಾಗಿ ನೆನೆಯುವುದು ರೂಢಿ. ಧರ್ಮದಲ್ಲಿ ತೊಡಗಿದರೆ ಸಣ್ಣವರೂ ಉನ್ನತವಾದುದನ್ನು ಸಾಧಿಸಬಲ್ಲರೆಂಬ ಅರ್ಥವೂ ಅದರಲ್ಲಿದೆ. ಆಸ್ಪತ್ರೆಯ ಶ್ರೇಣಿಯಲ್ಲಿ ವಿದ್ಯಾರ್ಥಿನಿಗಿಂತ ಸಣ್ಣವರಿಲ್ಲ. ಆಕೆ ನೋವಿನ ಅಂಕಿ ಬರೆದ ದಿನವೇ ವೈದ್ಯರು ಅದಕ್ಕೆ ಸಹಿ ಹಾಕುವ ನಿಯಮ, ಮರಣವೊಂದನ್ನು ಕಂಡ ಸಂಜೆ ಆಕೆಯೊಡನೆ ಕುಳಿತು ಮಾತನಾಡುವ ಬೋಧಕಿ, ಮನೆಭೇಟಿಗೆ ಜೊತೆಗೊಬ್ಬರು: ಇವಕ್ಕೆ ಹೆಚ್ಚಿನ ಹಣ ಬೇಡ. ಶ್ರಾವಕರು ಔಷಧದಾನವೆಂದು ಆಸ್ಪತ್ರೆಗಳಿಗೆ ಗಾಲಿಕುರ್ಚಿ, ನೀರಿನ ಯಂತ್ರಗಳನ್ನು ಕೊಡುತ್ತ ಬಂದಿದ್ದಾರೆ. ವಾರಕ್ಕೆರಡು ತಾಸು ವಾರ್ಡಿನಲ್ಲಿ ರೋಗಿಯ ಪಕ್ಕ ಕೂರಬಲ್ಲ ನಿವೃತ್ತರು ಊರೂರಿನ ಬಸದಿಗಳಲ್ಲಿ ಇದ್ದಾರೆ. ವಿದ್ಯಾರ್ಥಿನಿ ಊಟಕ್ಕೆ ಹೋದ ಹೊತ್ತಿನಲ್ಲಿ ಆ ಎರಡನೆಯ ಸ್ಥಾನ ತುಂಬಬೇಕಾಗಿದೆ.